ಭವಿಷ್ಯಕ್ಕೊಂದು ಪಂಚಾಂಗ: ವಿಜ್ಞಾನ ಕಥೆಗಾರರಿಗೆ ಕಾಲಗಣನೆ ಕಟ್ಟುವ ಸಮಗ್ರ ಮಾರ್ಗದರ್ಶಿ

ಐಹೊಳೆಯ ಮೇಗುಟಿ ಗುಡ್ಡ ಹತ್ತಿದರೆ ಬಸದಿಯ ಗೋಡೆಯಲ್ಲಿ ರವಿಕೀರ್ತಿಯ ಶಾಸನ ಸಿಗುತ್ತದೆ. ಇಮ್ಮಡಿ ಪುಲಕೇಶಿಯ ದಂಡಯಾತ್ರೆಗಳಿಗಾಗಿ ಅದನ್ನು ಎಲ್ಲರೂ ನೆನೆಯುತ್ತಾರೆ. ನಾನು ನೆನೆಯುವುದು ಅದರಲ್ಲಿರುವ ಎರಡು ಸಂಖ್ಯೆಗಳಿಗಾಗಿ. ಬಸದಿ ಕಟ್ಟಿಸಿದ ಕಾಲವನ್ನು ಕವಿ ಎರಡು ಲೆಕ್ಕದಲ್ಲಿ ಹೇಳಿದ್ದಾನೆ: ಭಾರತ ಯುದ್ಧವಾಗಿ 3735 ವರ್ಷ, ಶಕಕಾಲದಲ್ಲಿ 556 ವರ್ಷ. ಒಂದರಿಂದ ಇನ್ನೊಂದನ್ನು ಕಳೆದರೆ 3179. ಕಲಿವರ್ಷಕ್ಕೂ ಶಕವರ್ಷಕ್ಕೂ ನಡುವೆ ಇವತ್ತಿನ ಪಂಚಾಂಗ ಹಿಡಿಯುವ ಅಂತರವೂ ಅದೇ 3179. ಹದಿನಾಲ್ಕು ಶತಮಾನ ದಾಟಿದರೂ ಆ ವರ್ಷ ಕ್ರಿ.ಶ. 634-35 ಎಂದು ಅನುಮಾನವಿಲ್ಲದೆ ಹೇಳಬಹುದು. ಎರಡು ಲೆಕ್ಕಗಳು ಒಂದನ್ನೊಂದು ಕಾಯುತ್ತಿವೆ.

ಭವಿಷ್ಯದ ಇತಿಹಾಸ ಬರೆಯುವವರಿಗೂ ಬೇಕಾದದ್ದು ಇದೇ. ಒಂದೇ ಕಾಲರೇಖೆಯ ಮೇಲೆ ಹಲವು ಕಥೆಗಳನ್ನು ಜೋಡಿಸುವ ಈ ಕಲೆಗೆ ‘ಭವಿಷ್ಯದ ಇತಿಹಾಸ’ (ಫ್ಯೂಚರ್ ಹಿಸ್ಟರಿ) ಎಂಬ ಹೆಸರು ಬಂದದ್ದು 1941ರಲ್ಲಿ. ಅಮೆರಿಕದ ವಿಜ್ಞಾನ ಕಥೆಗಾರ ರಾಬರ್ಟ್ ಹೈನ್‌ಲೈನ್ ತನ್ನ ಕಥೆಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಜೋಡಿಸಿಕೊಂಡಿದ್ದ. ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಆ ವರ್ಷದ ಮೇ ತಿಂಗಳಲ್ಲಿ ತನ್ನ ಪತ್ರಿಕೆಯಲ್ಲಿ ಅದನ್ನು ಅಚ್ಚು ಹಾಕಿದ. ಅಂಥ ಪಟ್ಟಿಯನ್ನು ಕನ್ನಡದಲ್ಲಿ ಬರೆಯುವವರು ಹೇಗೆ ಕಟ್ಟಿಕೊಳ್ಳಬಹುದು ಎಂಬುದನ್ನು ಹಂತ ಹಂತವಾಗಿ ಹೇಳುತ್ತೇನೆ. ಉದಾಹರಣೆಗೆ ಒಂದೇ ಕಥೆಯನ್ನು ಕೊನೆಯವರೆಗೂ ಹಿಡಿದುಕೊಳ್ಳೋಣ: 2081ರ ಜನವರಿ 14ರಂದು ಮಂಗಳ ಗ್ರಹದಲ್ಲಿ ಇಳಿದು ನೆಲೆ ನಿಂತ ಒಂದು ಗುಂಪು, ಅದರಲ್ಲಿ 24 ವರ್ಷದ ಒಬ್ಬ ಕನ್ನಡದ ಹೆಣ್ಣುಮಗಳು.

ಮೊದಲೇ ಒಂದು ಮಾತು. ಕಾಲಗಣನೆ ಬೇರೆ, ಪಂಚಾಂಗ ಬೇರೆ. ಕಾಲಗಣನೆ ಲೇಖಕರದು, ಅದರಲ್ಲಿ ಒಂದು ದಿನವೂ ತಪ್ಪಬಾರದು. ಪಂಚಾಂಗ ಪಾತ್ರಗಳದು. ಅದರಲ್ಲಿ ಜಗಳ, ಮರೆವು, ರಾಜಕೀಯ, ಹಬ್ಬ ಎಲ್ಲ ಇರಬೇಕು. ಇವೆರಡನ್ನೂ ಒಂದೇ ಪಾತ್ರೆಯಲ್ಲಿ ಕಲಸಿದಾಗಲೇ ಕಥೆ ಕೆಡುವುದು.

ಹಂತ 1: ಎಷ್ಟು ಮುಂದೆ? ಅಷ್ಟೇ ಹಿಂದೆ ನೋಡಿ

“ಸಾವಿರ ವರ್ಷಗಳ ನಂತರ” ಎಂದು ಬರೆಯುವುದು ಸುಲಭ, ಸಾವಿರ ವರ್ಷ ಎಂದರೆ ಎಷ್ಟು ಎಂಬುದು ಕೈಗೆ ಸಿಗುವುದಿಲ್ಲ. ಅದಕ್ಕೆ ನಮ್ಮಲ್ಲೇ ಒಂದು ಅಳತೆಗೋಲಿದೆ, ಕನ್ನಡ ಭಾಷೆ. ಹನ್ನೆರಡನೆಯ ಶತಮಾನದ ವಚನಗಳು ಇಂದಿಗೂ ಬಹುಮಟ್ಟಿಗೆ ನೇರವಾಗಿ ತಿಳಿಯುತ್ತವೆ. ಕವಿರಾಜಮಾರ್ಗದ ಒಂಬತ್ತನೆಯ ಶತಮಾನಕ್ಕೆ ಹೋದರೆ ಟೀಕೆ ಬೇಕು. ಸುಮಾರು ಕ್ರಿ.ಶ. 450ರದು ಎನ್ನಲಾಗುವ ಹಲ್ಮಿಡಿ ಶಾಸನವನ್ನು ಹಳಗನ್ನಡ ಓದಿದವರೂ ತಡವರಿಸುತ್ತಾ ಓದಬೇಕು.

ಇದನ್ನು ಮುಂದಕ್ಕೆ ತಿರುಗಿಸಿ. ನಿಮ್ಮ ಕಥೆ 900 ವರ್ಷ ಮುಂದಿದ್ದರೆ ಪಾತ್ರಗಳು ನಮ್ಮ ಪತ್ರಗಳನ್ನು ಓದಬಲ್ಲವು, ಅಲ್ಲಲ್ಲಿ ಅರ್ಥ ತಪ್ಪಿಸಿಕೊಳ್ಳುತ್ತಾ. 1500 ವರ್ಷ ಮುಂದಿದ್ದರೆ ಓದಿಕೊಡಲು ಒಬ್ಬ ವಿದ್ವಾಂಸ ಬೇಕು. ಹತ್ತು ಸಾವಿರ ವರ್ಷವಾದರೆ? ಹಿಂದಕ್ಕೆ ಅಷ್ಟು ನಡೆದರೆ ಬರವಣಿಗೆಯೇ ಇಲ್ಲ. ಹಾಗಿದ್ದೂ ಪಾತ್ರ “ಕ್ರಿ.ಶ. 12,024” ಎಂದು ಸಲೀಸಾಗಿ ಹೇಳಿದರೆ, ನಡುವೆ ಆ ಎಣಿಕೆಯನ್ನು ಬಿಡದೆ ಕಾಪಾಡಿದವರು ಯಾರು ಎಂಬ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿರಬೇಕು.

ಹಂತ 2: ಒಂದು ಅಹರ್ಗಣ ಇಟ್ಟುಕೊಳ್ಳಿ

ನಮ್ಮ ಸಿದ್ಧಾಂತ ಜ್ಯೋತಿಷಿಗಳು ಗ್ರಹಗಳ ಲೆಕ್ಕಕ್ಕೆ ಕೂರುವಾಗ ತಿಂಗಳು, ವರ್ಷಗಳ ಗೋಜನ್ನು ಬದಿಗಿಟ್ಟು ಕಲಿಯುಗದ ಆರಂಭದಿಂದ ಕಳೆದ ದಿನಗಳನ್ನು ಮಾತ್ರ ಎಣಿಸುತ್ತಿದ್ದರು. ಅದೇ ಅಹರ್ಗಣ. ಆ ಆರಂಭ ಕ್ರಿ.ಪೂ. 3102ರ ಫೆಬ್ರವರಿ 18. ಯೂರೋಪಿನಲ್ಲಿ ಜೋಸೆಫ್ ಸ್ಕ್ಯಾಲಿಜರ್ 1583ರಲ್ಲಿ ಮುಂದಿಟ್ಟ ಕಾಲಚಕ್ರದ ಮೇಲೆ ಬೆಳೆದ ಜೂಲಿಯನ್ ದಿನಸಂಖ್ಯೆಯದೂ ಇದೇ ತತ್ವ. ಅದರ ಆರಂಭ ಕ್ರಿ.ಪೂ. 4713ರ ಜನವರಿ 1ರ ಮಧ್ಯಾಹ್ನ. ಇಂದಿನ ಖಗೋಳಶಾಸ್ತ್ರ ಬಳಸುವುದು ಇದನ್ನೇ. ಎರಡರ ನಡುವಿನ ವ್ಯತ್ಯಾಸ 588465.5, ಇದನ್ನು ಬರೆದಿಟ್ಟುಕೊಂಡರೆ ಒಂದರಿಂದ ಇನ್ನೊಂದಕ್ಕೆ ಹೋಗುವುದು ಬರೀ ಕೂಡಿಸುವ, ಕಳೆಯುವ ಕೆಲಸ.

ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಮೊದಲ ಕಾಲಮ್ಮು ಜೂಲಿಯನ್ ದಿನಸಂಖ್ಯೆ. ಉಳಿದ ತಾರೀಖು, ತಿಥಿ, ವಯಸ್ಸು, ಯಾರದೋ ರಾಜ್ಯಭಾರದ ಎಷ್ಟನೆಯದೋ ವರ್ಷ, ಎಲ್ಲವೂ ಅದರಿಂದ ಹುಟ್ಟಬೇಕು, ಅದಕ್ಕೆ ವಿರುದ್ಧವಾಗಿ ಏನನ್ನೂ ಕೈಯಾರೆ ತುಂಬಬಾರದು. ಎಕ್ಸೆಲ್ ಬಳಸುವವರಿಗೆ ದಾರಿ ಸುಲಭ: ಅದರೊಳಗಿನ ದಿನಾಂಕದ ಸಂಖ್ಯೆಗೆ 2415018.5 ಸೇರಿಸಿದರೆ ಜೂಲಿಯನ್ ಸಂಖ್ಯೆ ಬರುತ್ತದೆ. ಆದರೆ ಎಕ್ಸೆಲ್ಲಿನ ದಿನಾಂಕಗಳು 9999ಕ್ಕೆ ನಿಲ್ಲುತ್ತವೆ, 1900ಕ್ಕಿಂತ ಹಿಂದಕ್ಕೆ ಹೋಗುವುದಿಲ್ಲ, ಮೇಲಾಗಿ 1900ನ್ನು ಅಧಿಕ ವರ್ಷವೆಂದು ತಪ್ಪಾಗಿ ಎಣಿಸುತ್ತವೆ. ನಮ್ಮ ಕಥೆ ಆ ಮಿತಿಗಳ ಒಳಗೇ ಇರುವುದರಿಂದ ತೊಂದರೆಯಿಲ್ಲ.

ಈಗ ಇಳಿದ ದಿನವನ್ನು ತುಂಬೋಣ. 2000ದ ಜನವರಿ 1ರ ನಡುರಾತ್ರಿಯ ಸಂಖ್ಯೆ 2451544.5. ಅಲ್ಲಿಂದ 81 ವರ್ಷ, ನಡುವೆ 21 ಅಧಿಕ ದಿನ, ಮೇಲೆ 13 ದಿನ: ಒಟ್ಟು 29,599. ಹಾಗಾಗಿ 2081ರ ಜನವರಿ 14 ಶುರುವಾಗುವುದು 2481143.5ರಲ್ಲಿ. ಕಲಿ ಅಹರ್ಗಣ 1892678. ಮಧ್ಯಾಹ್ನದ ಸಂಖ್ಯೆಯನ್ನು ಏಳರಿಂದ ಭಾಗಿಸಿದಾಗ ಶೇಷ ಸೊನ್ನೆ ಬಂದರೆ ಸೋಮವಾರ. ಇಲ್ಲಿ ಶೇಷ 1. ಮಂಗಳದಲ್ಲಿ ಇಳಿದದ್ದು ಮಂಗಳವಾರ! ಇದನ್ನು ನಾನು ಬೇಕೆಂದು ಹೊಂದಿಸಿದ್ದಲ್ಲ, ಲೆಕ್ಕ ತಾನಾಗಿ ಕೊಟ್ಟದ್ದು. ಸಂವತ್ಸರ ಹುಡುಕಲು ಶಕವರ್ಷಕ್ಕೆ 12 ಸೇರಿಸಿ 60ರಿಂದ ಭಾಗಿಸಿ. ಜನವರಿಯಲ್ಲಿ ಯುಗಾದಿ ಇನ್ನೂ ಬಂದಿರುವುದಿಲ್ಲವಾದ್ದರಿಂದ ಶಕ 2002, ಶೇಷ 34, ಶಾರ್ವರಿ. ಇನ್ನು ಸಂಕ್ರಾಂತಿ. ಹಿಂದಿನ ವರ್ಷ, 2080ರಲ್ಲಿ, ಅದು ಜನವರಿ 15ಕ್ಕೆ ಬೀಳುತ್ತದೆ. 2081ರಲ್ಲಿ ಸೂರ್ಯ ಮಕರ ಪ್ರವೇಶಿಸುವುದು 14ರ ಸಂಜೆ. ಮನೆಯಲ್ಲಿ ಎಳ್ಳು ಬೀರುವ ಹೊತ್ತಿಗೆ ಮಗಳು ಕೆಂಪು ನೆಲದ ಮೇಲೆ ಕಾಲಿಟ್ಟಳು ಎಂಬ ದೃಶ್ಯ ನನಗೆ ಸಿಕ್ಕಿದ್ದು ಇದೇ ಸಾಲಿನಿಂದ. ಶುದ್ಧ ಗಣಿತ ಕಥೆಗೆ ಇಷ್ಟು ಕೊಡುತ್ತದೆ ಎಂಬುದನ್ನು ಮಾಡಿ ನೋಡಿದ ಮೇಲೆಯೇ ನಾನು ನಂಬಿದ್ದು.

ಹಂತ 3: ಆಕಾಶ ಏನು ಹೇಳುತ್ತದೆ?

ಹೊಸ ಲೋಕಕ್ಕೆ ಪಂಚಾಂಗ ಮಾಡುವ ಮುನ್ನ ಅಲ್ಲಿನ ದಿನ ಎಷ್ಟು, ವರ್ಷ ಎಷ್ಟು, ಚಂದ್ರ ಇದ್ದಾನೆಯೇ ಎಂದು ಕೇಳಿಕೊಳ್ಳಿ. ಟ್ರ್ಯಾಪಿಸ್ಟ್-1 ನಕ್ಷತ್ರದ ನಾಲ್ಕನೆಯ ಗ್ರಹ ತನ್ನ ಸೂರ್ಯನನ್ನು ಸುಮಾರು 6 ದಿನಕ್ಕೊಮ್ಮೆ ಸುತ್ತುತ್ತದೆ. ಅಲ್ಲಿ “ವರ್ಷ” ಎಂಬ ಮಾತು ವಾರದ ಕೆಲಸ ಮಾಡಬೇಕಾಗುತ್ತದೆ. ಅಂಥ ಕಡೆ ವಯಸ್ಸನ್ನು ಭೂಮಿಯ ವರ್ಷದಲ್ಲೋ ಸೆಕೆಂಡಿನಲ್ಲೋ ಹೇಳದೆ ಗತಿಯಿಲ್ಲ.

ಮಂಗಳ ಹಾಗಲ್ಲ. ಅದು ಭೂಮಿಗೆ ಎಷ್ಟು ಹತ್ತಿರವೆಂದರೆ ಮೋಸಹೋಗುವಷ್ಟು. ಅಲ್ಲಿನ ಒಂದು ದಿನ 24 ಗಂಟೆ 39 ನಿಮಿಷ 35 ಸೆಕೆಂಡು. ವರ್ಷಕ್ಕೆ ಅಂಥ ದಿನಗಳು ಸುಮಾರು 668.59, ಭೂಮಿಯ ಲೆಕ್ಕದಲ್ಲಿ 687 ದಿನ, 1.88 ವರ್ಷ. ವಿಜ್ಞಾನಿಗಳು ಅಲ್ಲಿನ ದಿನವನ್ನು ‘ಸೋಲ್’ ಎನ್ನುತ್ತಾರೆ. 2004ರಲ್ಲಿ ನಾಸಾದ ಎರಡು ರೋವರುಗಳು ಇಳಿದಾಗ ಅವನ್ನು ನಡೆಸುತ್ತಿದ್ದವರು ಪಾಳಿಯನ್ನು ದಿನಕ್ಕೆ ಸುಮಾರು 40 ನಿಮಿಷ ತಡವಾಗಿ ಶುರುಮಾಡುತ್ತಾ ಮಂಗಳದ ಗಡಿಯಾರಕ್ಕೆ ಬದುಕಿದರು. ಇವತ್ತು, ನಿನ್ನೆ ಎಂಬುದಕ್ಕೂ ಸೋಲ್ ಸೇರಿಸಿ ಹೊಸ ಮಾತು ಕಟ್ಟಿಕೊಂಡರು. ಕನ್ನಡದ ಕಿವಿಗೆ ಸೋಲ್ ಎಂದರೆ ಸೋಲು. ನೆಲೆ ನಿಲ್ಲಲು ಹೊರಟ ಜನ ದಿನಕ್ಕೆ ಆ ಹೆಸರಿಡಲಾರರು. ‘ಮಂಗಳದಿನ’ ಎಂದರೆ ಶುಭದಿನವಾಗಿಬಿಡುತ್ತದೆ. ಕೆಂದಾವರೆ, ಕೆಂಬಣ್ಣದ ಜಾಡಿನಲ್ಲಿ ನಾನು ‘ಕೆಂದಿನ’ ಎಂದಿಟ್ಟುಕೊಂಡಿದ್ದೇನೆ. ನಿಮ್ಮ ಲೋಕದ ಪದ ನಿಮ್ಮ ಪಾತ್ರದ ಬಾಯಲ್ಲಿ ಹೊರಳುತ್ತದೆಯೇ ಎಂದು ಗಟ್ಟಿಯಾಗಿ ಹೇಳಿ ನೋಡಿ.

ಅಧಿಕ ವರ್ಷದ ನಿಯಮ ಬರುವುದು ದಶಮಾಂಶದಿಂದ. 668.59ರಲ್ಲಿ ಉಳಿಕೆ 0.59. ಹತ್ತು ವರ್ಷಗಳಲ್ಲಿ ಆರಕ್ಕೆ 669 ಕೆಂದಿನ, ನಾಲ್ಕಕ್ಕೆ 668 ಕೊಟ್ಟರೆ ಸರಾಸರಿ 668.6. ವರ್ಷಕ್ಕೆ 0.01ರಷ್ಟು ಹೆಚ್ಚು, ನೂರು ವರ್ಷಕ್ಕೆ ಒಂದು ಕೆಂದಿನ. ಹಾಗಾಗಿ ನೂರಕ್ಕೊಮ್ಮೆ ಒಂದು ಅಧಿಕ ದಿನ ಬಿಟ್ಟುಬಿಡಿ, ಸರಿಹೋಗುತ್ತದೆ. 1582ರಲ್ಲಿ ಪೋಪ್ ಗ್ರೆಗರಿಯವರ ಗಣಿತಜ್ಞರು ಭೂಮಿಗೆ ಮಾಡಿದ್ದೂ ಇಂಥದ್ದೇ ಕೆಲಸ. ಯಾವ ಗ್ರಹಕ್ಕಾದರೂ ಇದೇ ವಿಧಾನ: ದಶಮಾಂಶವನ್ನು ಹತ್ತಿರದ ಸಣ್ಣ ಭಿನ್ನರಾಶಿಯಾಗಿ ಬರೆಯಿರಿ, ಉಳಿದ ತಪ್ಪಿಗೆ ಒಂದು ತಿದ್ದುಪಡಿ ಇಡಿ.

ತಿಂಗಳುಗಳ ವಿಷಯದಲ್ಲಿ ಒಂದು ಸಂತೋಷದ ಸಂಗತಿ. ಥಾಮಸ್ ಗ್ಯಾಂಗೇಲ್ 1985ರಲ್ಲಿ ಮಂಗಳಕ್ಕೆ ‘ಡೇರಿಯನ್’ ಪಂಚಾಂಗ ರೂಪಿಸಿದರು, 24 ತಿಂಗಳದ್ದು. ಅದರ ತಿಂಗಳುಗಳಿಗೆ ರಾಶಿಚಕ್ರದ ಲ್ಯಾಟಿನ್ ಹೆಸರು ಒಂದು, ಸಂಸ್ಕೃತ ಹೆಸರು ಒಂದು, ಹೀಗೆ ಸರದಿಯಲ್ಲಿ ಬರುತ್ತವೆ. ಧನುಸ್, ಮಕರ, ಕುಂಭ, ಮೀನ ಎಲ್ಲ ಅದರಲ್ಲಿವೆ. ಹೊಸದಾಗಿ ಕಟ್ಟಲು ಇಷ್ಟವಿಲ್ಲದವರು ಅದನ್ನೇ ನೆಚ್ಚಿಕೊಳ್ಳಬಹುದು.

ಋತುಗಳನ್ನು ಮಾತ್ರ ನಾಲ್ಕು ಸಮಪಾಲು ಮಾಡಬೇಡಿ. ಮಂಗಳದ ಕಕ್ಷೆ ಎದ್ದುಕಾಣುವಷ್ಟು ಮೊಟ್ಟೆಯಾಕಾರದ್ದು. ಉತ್ತರಾರ್ಧದ ವಸಂತ ಸುಮಾರು 193 ಕೆಂದಿನ ಎಳೆಯುತ್ತದೆ, ಶರತ್ತು 143ಕ್ಕೆ ಮುಗಿಯುತ್ತದೆ. ದಕ್ಷಿಣಾರ್ಧದ ವಸಂತ, ಬೇಸಿಗೆಗಳಲ್ಲಿ ಗ್ರಹ ಸೂರ್ಯನಿಗೆ ಹತ್ತಿರವಿರುವುದರಿಂದ ದೊಡ್ಡ ಧೂಳಿನ ಬಿರುಗಾಳಿಗಳು ಏಳುವುದು ಆಗಲೇ. ಕೃಷಿಕರ ಮನೆಯಿಂದ ಬಂದವರು ಇದನ್ನು ಹೇಗೆ ಹೆಸರಿಸುತ್ತಾರೆ? ನಮ್ಮ ಕಡೆ ಮಳೆಗೆ ತಾರೀಖಿನ ಹೆಸರಿಲ್ಲ, ನಕ್ಷತ್ರದ ಹೆಸರಿದೆ. ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ, ಭರಣಿ ಮಳೆಗೆ ಧರಣಿಯೆಲ್ಲ ಬೆಳೆ. ಮಂಗಳದ ಕಕ್ಷೆ ಭೂಕಕ್ಷೆಯಿಂದ ಎರಡು ಡಿಗ್ರಿಯೂ ವಾಲಿಲ್ಲ. ಹಾಗಾಗಿ ಅಲ್ಲಿಂದ ನೋಡಿದರೂ ಸೂರ್ಯ ಅದೇ 27 ನಕ್ಷತ್ರಗಳ ದಾರಿಯಲ್ಲೇ ನಡೆಯುತ್ತಾನೆ. ಇಲ್ಲಿ ಒಂದು ನಕ್ಷತ್ರಕ್ಕೆ ಹದಿಮೂರೋ ಹದಿನಾಲ್ಕೋ ದಿನ, ಅಲ್ಲಿ ಸರಾಸರಿ 24.8 ಕೆಂದಿನ. ‘ಮಳೆ ನಕ್ಷತ್ರ’ ಹೋಗಿ ‘ಧೂಳು ನಕ್ಷತ್ರ’ ಬರುತ್ತದೆ, ಗಾಜಿನ ಮನೆಯಲ್ಲಿ ಸೊಪ್ಪು ಬೆಳೆಯುವವರ ಗಾದೆಗಳೂ ಬರುತ್ತವೆ.

ಹಂತ 4: ಒಂದನೆಯ ವರ್ಷ ಯಾರದು?

ಇಲ್ಲಿಂದ ಮುಂದೆ ಖಗೋಳ ಸಾಲದು, ಚರಿತ್ರೆ ಬೇಕು.

1076ರಲ್ಲಿ ಕಲ್ಯಾಣದ ಪಟ್ಟವೇರಿದ ಆರನೆಯ ವಿಕ್ರಮಾದಿತ್ಯ ಶಕವರ್ಷವನ್ನು ಬದಿಗೊತ್ತಿ ತನ್ನ ಹೆಸರಿನ ಚಾಳುಕ್ಯ ವಿಕ್ರಮ ವರ್ಷವನ್ನು ಶುರುಮಾಡಿದ. ಅವನ ಆಳ್ವಿಕೆಯ ಐವತ್ತು ವರ್ಷಗಳಲ್ಲಿ ಕನ್ನಡ ನಾಡಿನ ನೂರಾರು ಶಾಸನಗಳು ಆ ಲೆಕ್ಕದಲ್ಲಿ ಬಂದವು. 1126ರಲ್ಲಿ ಅವನು ತೀರಿಕೊಂಡ ಮೇಲೆ ಕೆಲವು ದಶಕಗಳಲ್ಲಿ ಅದು ಸವೆದುಹೋಗಿ ಶಕವರ್ಷ ಮರಳಿತು. ಆ ಶಾಸನಗಳನ್ನು ಓದುವಾಗ ಗಮನಿಸಬೇಕಾದದ್ದು ಬದಲಾಗದೆ ಉಳಿದದ್ದನ್ನು. ವರ್ಷದ ಸಂಖ್ಯೆ ರಾಜನದು, ಅದರ ಪಕ್ಕದಲ್ಲಿ ಬರುವ ಸಂವತ್ಸರ, ಮಾಸ, ತಿಥಿ, ವಾರ ಮಾತ್ರ ಎಂದಿನವೇ. ಎಣಿಕೆ ಬದಲಿಸಿದ ಚಕ್ರವರ್ತಿ ಜನರ ಹಬ್ಬ, ಸಂತೆಗಳಿಗೆ ಕೈಹಾಕಲಿಲ್ಲ.

ಕೈಹಾಕಿದವರಿಗೆ ಏನಾಯಿತು ನೋಡಿ. ಫ್ರೆಂಚ್ ಕ್ರಾಂತಿಕಾರರು 1792ರ ಸೆಪ್ಟೆಂಬರ್ 22ನ್ನು ಹೊಸ ಯುಗದ ಮೊದಲ ದಿನವೆಂದರು, ವಾರವನ್ನು ಹತ್ತು ದಿನಕ್ಕೆ ಎಳೆದರು. ನೆಪೋಲಿಯನ್ 1806ರ ಜನವರಿ 1ರಿಂದ ಅದನ್ನು ಕೈಬಿಟ್ಟ. ಸೋವಿಯತ್ ಒಕ್ಕೂಟ 1929ರಲ್ಲಿ ಐದು ದಿನದ ವಾರ ತಂದಿತು, 1931ರಲ್ಲಿ ಆರು ದಿನದ್ದು, 1940ರಲ್ಲಿ ಏಳಕ್ಕೇ ಮರಳಿತು. ವರ್ಷದ ಸಂಖ್ಯೆಯನ್ನು ಒಂದು ಆಜ್ಞೆಯಲ್ಲಿ ಬದಲಿಸಬಹುದು, ವಾರವನ್ನು ಬದಲಿಸಲು ಮನೆಮನೆಯನ್ನೂ ಬದಲಿಸಬೇಕು. ನಿಮ್ಮ ಭವಿಷ್ಯದ ಸರ್ವಾಧಿಕಾರಿ ಎಷ್ಟು ಬಲಶಾಲಿ ಎಂಬುದನ್ನು ಅವನು ಪಂಚಾಂಗದ ಯಾವ ಅಂಗವನ್ನು ಮುಟ್ಟಬಲ್ಲ ಎಂಬುದರಿಂದಲೇ ತೋರಿಸಬಹುದು.

ಇನ್ನೊಂದು ವಿಷಯವನ್ನು ಬಹಳ ಕಥೆಗಾರರು ಮರೆಯುತ್ತಾರೆ. ಯುಗ ಆರಂಭವಾದ ದಿನ ಯಾರಿಗೂ ಅದು ಆರಂಭವೆಂದು ಗೊತ್ತಿರುವುದಿಲ್ಲ. ಕ್ರಿಸ್ತಶಕದ ಎಣಿಕೆಯನ್ನು ಡಯೋನಿಸಿಯಸ್ ಎಕ್ಸಿಗುವಸ್ ಹಾಕಿಕೊಟ್ಟದ್ದು ಕ್ರಿ.ಶ. 525ರಲ್ಲಿ. ಶಕಕಾಲ ಶುರುವಾಗುವುದು ಕ್ರಿ.ಶ. 78ರಿಂದ, ಆದರೆ ಶಕ ಎಂಬ ಹೆಸರು ಹೇಳಿ ವರ್ಷ ಕೊಡುವ ಮೊದಮೊದಲ ಶಾಸನಗಳಲ್ಲಿ ಒಂದು ಬಾದಾಮಿಯಲ್ಲಿರುವ ಒಂದನೆಯ ಪುಲಕೇಶಿಯದು, ಶಕ 465, ಅಂದರೆ ಕ್ರಿ.ಶ. 543. ಹಾಗಾಗಿ ಪಟ್ಟಿಯಲ್ಲಿ ಪ್ರತಿ ಯುಗಕ್ಕೂ ಎರಡು ಸಾಲು ಬರೆಯಿರಿ: ಎಣಿಕೆ ಎಲ್ಲಿಂದ ಶುರು, ಎಣಿಸಲು ಶುರುಮಾಡಿದ್ದು ಯಾವಾಗ. ನಮ್ಮ ನೆಲೆಯ ‘ಇಳಿವರ್ಷ’ 2081ರಿಂದ ಶುರುವಾಗುತ್ತದೆ, ಆದರೆ ಅದು ಜಾರಿಗೆ ಬಂದದ್ದು ಇಳಿದ ನಲವತ್ತು ವರ್ಷದ ಮೇಲೆ, ಭೂಮಿಯೊಂದಿಗೆ ತೆರಿಗೆಯ ಜಗಳ ಎದ್ದಾಗ ಎಂದಿಟ್ಟುಕೊಂಡರೆ, ಅದಕ್ಕೂ ಹಿಂದಿನ ಒಂದು ಕಾಗದದಲ್ಲೂ ಆ ಮಾತು ಬರಕೂಡದು. ಬಂದರೆ ಆ ಕಾಗದ ಖೋಟಾ ಎಂದು ನಿಮ್ಮ ಪತ್ತೇದಾರ ಹಿಡಿಯಬಹುದು. ಕಥೆಯೇ ಅದಾಗಬಹುದು!

ಆರಂಭವನ್ನು ಜನ ತಪ್ಪಾಗಿ ನೆನೆಯುವುದೂ ಉಂಟು. ವರ್ನರ್ ವಿಂಜ್ ತನ್ನ 1999ರ ಕಾದಂಬರಿಯಲ್ಲಿ ಇದನ್ನು ಬಹಳ ಚೆನ್ನಾಗಿ ಬಳಸಿದ್ದಾನೆ. ಸಾವಿರಾರು ವರ್ಷ ಮುಂದಿನ ವ್ಯಾಪಾರಿಗಳು ತಮ್ಮ ಗಡಿಯಾರ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಗಳಿಗೆಯಿಂದ ಎಣಿಸುತ್ತಿದೆ ಎಂದು ನಂಬಿರುತ್ತಾರೆ. ನಿಜವಾದ ಸೊನ್ನೆ ಅದಕ್ಕಿಂತ ಸುಮಾರು ಒಂದೂವರೆ ಕೋಟಿ ಸೆಕೆಂಡು ಈಚೆಗಿನದು. ಅದು ಯುನಿಕ್ಸ್ ಕಂಪ್ಯೂಟರುಗಳ ಗಡಿಯಾರದ ಸೊನ್ನೆ, 1970ರ ಜನವರಿ 1.

ಹಂತ 5: ಹಬ್ಬ, ವಾರ, ವಯಸ್ಸು

ಪಂಚಾಂಗಕ್ಕೆ ಜೀವ ಬರುವುದು ಇಲ್ಲಿ, ಆದ್ದರಿಂದ ಇಲ್ಲಿ ಆತುರ ಬೇಡ.

ಭೂಮಿಯ ಮೇಲೇ ಇರುವ ಭವಿಷ್ಯಕ್ಕೂ ಇದು ಬೇಕು. ನಮ್ಮ ಸಂಕ್ರಾಂತಿ ನಕ್ಷತ್ರಗಳನ್ನು ನೋಡಿ ಬರುತ್ತದೆ, ಜನವರಿ-ಫೆಬ್ರವರಿ ಋತುಗಳನ್ನು ನೋಡಿ ಬರುತ್ತವೆ. ಭೂಮಿಯ ಅಕ್ಷ ನಿಧಾನವಾಗಿ ಹೊರಳುವುದರಿಂದ ಎರಡರ ನಡುವೆ ಸುಮಾರು 72 ವರ್ಷಕ್ಕೆ ಒಂದು ದಿನದ ಅಂತರ ಬೀಳುತ್ತದೆ. ಕ್ರಿ.ಶ. 4000ದ ಸುಮಾರಿಗೆ ಮಕರ ಸಂಕ್ರಾಂತಿ ಫೆಬ್ರವರಿ ಎರಡನೆಯ ವಾರದಲ್ಲಿ ಬರುತ್ತದೆ. ಹಳೆಯ ಸೂರ್ಯಸಿದ್ಧಾಂತದ ವರ್ಷಮಾನವನ್ನೇ ಬಿಗಿಯಾಗಿ ಹಿಡಿದ ಮಠವಿದ್ದರೆ ಅವರಿಗೆ ಇನ್ನೂ ನಾಲ್ಕೈದು ದಿನ ತಡ. ಒಂದೇ ಊರಿನಲ್ಲಿ ಎರಡು ಸಂಕ್ರಾಂತಿ. ಆ ಕಾಲದ ಬೆಂಗಳೂರನ್ನು ಬರೆಯುವವರು ಜನವರಿಯ ಚಳಿಯಲ್ಲಿ ಎಳ್ಳುಬೆಲ್ಲ ಹಂಚಿಸಿದರೆ ತಪ್ಪಾಗುತ್ತದೆ.

ಮಂಗಳದಲ್ಲಿ ಕಷ್ಟ ಬೇರೆಯದು. ಅಲ್ಲಿಗೆ ನಮ್ಮ ಚಂದ್ರನಿಲ್ಲ. ಅಲ್ಲಿನ ದೊಡ್ಡ ಚಂದ್ರ ಫೋಬೋಸ್ 7 ಗಂಟೆ 39 ನಿಮಿಷಕ್ಕೆ ಒಂದು ಸುತ್ತು ಮುಗಿಸುತ್ತದೆ, ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತದೆ. ಅದನ್ನು ನೋಡಿ ತಿಥಿ ಹಿಡಿಯಲಾಗದು. ಅದರ ಸಾವಿರ ಸುತ್ತು 319 ದಿನಕ್ಕೇ ತುಂಬುತ್ತದೆ, ತೊಟ್ಟಿಲ ಮಗುವಿಗೆ ಸಹಸ್ರಚಂದ್ರ ದರ್ಶನ! ಹಾಗಾಗಿ ಧಾರವಾಡದ ಕಡೆಯಿಂದ ಹೋದ ಚಾಂದ್ರಮಾನದ ಮನೆಗೆ ಯುಗಾದಿ ಯಾವಾಗ ಎಂದು ಭೂಮಿಯಿಂದಲೇ ತಿಳಿಯಬೇಕು. ತುಳುನಾಡಿನಿಂದ ಹೋದ ಸೌರಮಾನದ ಮನೆ ಮಾತ್ರ ಅಲ್ಲಿನ ಸೂರ್ಯ ಮೇಷಕ್ಕೆ ಬಂದ ದಿನ ತನ್ನದೇ ಬಿಸು ಹಬ್ಬ ಮಾಡಬಹುದು. ಎರಡು ಮನೆ, ಒಂದೇ ಗೋಡೆ, ಹೊಸ ವರ್ಷ ಬೇರೆ ಬೇರೆ. ಒಬ್ಬರು ಭೂಮಿಗೆ ಅಂಟಿಕೊಂಡವರು, ಇನ್ನೊಬ್ಬರು ಮಂಗಳದವರಾದವರು. ಇದನ್ನು ವಿವರಿಸಿ ಹೇಳುವ ಅಗತ್ಯವೇ ಇಲ್ಲ, ಬಾಗಿಲ ತೋರಣ ಹೇಳುತ್ತದೆ.

ಅರವತ್ತರ ಶಾಂತಿಯನ್ನು ತೆಗೆದುಕೊಳ್ಳಿ. ದಕ್ಷಿಣದ ಪದ್ಧತಿಯಲ್ಲಿ ಪ್ರತಿ ಹೊಸ ವರ್ಷಕ್ಕೆ ಮುಂದಿನ ಸಂವತ್ಸರದ ಹೆಸರು. ಮಂಗಳದ ವರ್ಷಕ್ಕೆ ಇದನ್ನೇ ಹಿಡಿದರೆ ಹುಟ್ಟಿದ ಸಂವತ್ಸರ ಮರಳಲು ಭೂಮಿಯ 112.8 ವರ್ಷ ಬೇಕು, ಯಾರೂ ಕಾಣಲಾರರು. ಉತ್ತರದ ಬಾರ್ಹಸ್ಪತ್ಯ ಪದ್ಧತಿಯಲ್ಲಿ ಸಂವತ್ಸರವೆಂದರೆ ಗುರು ಗ್ರಹ ಒಂದು ರಾಶಿ ದಾಟುವ ಕಾಲ. ಗುರು ಸೂರ್ಯನನ್ನು 11.86 ಭೂವರ್ಷಕ್ಕೆ ಸುತ್ತುತ್ತಾನೆ, ಮಂಗಳದಲ್ಲಿ ನಿಂತು ನೋಡಿದರೂ ಅಷ್ಟೇ. ಐದು ಸುತ್ತಿಗೆ 59.3 ವರ್ಷ, ಅಂದರೆ 31.5 ಮಂಗಳವರ್ಷ. ಬದುಕಿನ ಅಳತೆಗೆ ಸರಿಯಾಗಿ ಹೊಂದುತ್ತದೆ. ದಕ್ಷಿಣದವರು ಮರೆತ ಗುರುವಿನ ನಂಟನ್ನು ಮಂಗಳದ ಕನ್ನಡಿಗರು ಮತ್ತೆ ಹುಡುಕಿಕೊಳ್ಳುತ್ತಾರೆ. ಈ ಎಳೆಯಿಂದ ಒಂದು ಕಾದಂಬರಿಯನ್ನೇ ನೇಯಬಹುದು ಎಂದು ನನಗೆ ಮನಸಾರೆ ಅನ್ನಿಸುತ್ತದೆ.

ವಾರದ ವಿಷಯ ಚಿಕ್ಕದು, ಚುಚ್ಚುವುದು ಹೆಚ್ಚು. ಕೆಂದಿನ ಉದ್ದವಾದ್ದರಿಂದ ಸುಮಾರು 36 ಕೆಂದಿನ ಕಳೆಯುವಷ್ಟರಲ್ಲಿ ಭೂಮಿಯಲ್ಲಿ 37 ದಿನ ಕಳೆದಿರುತ್ತದೆ. ಇಳಿದಾಗ ಎರಡೂ ಕಡೆ ಮಂಗಳವಾರವಿದ್ದದ್ದು ಎರಡನೆಯ ತಿಂಗಳಿಗೇ ತಪ್ಪುತ್ತದೆ. ಶುಕ್ರವಾರದ ನಮಾಜು, ಭಾನುವಾರದ ಪ್ರಾರ್ಥನೆ, ಶನಿವಾರದ ಉಪವಾಸ ಯಾರ ವಾರಕ್ಕೆ? ಪ್ರತಿ ಸಮುದಾಯದ ಉತ್ತರವನ್ನು ಒಂದೊಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ.

ಕಾನೂನಿಗೆ ವರ್ಷಕ್ಕಿಂತ ದಿನ ಒಳ್ಳೆಯದು. ಹದಿನೆಂಟು ಭೂವರ್ಷ ಎಂದರೆ 9.57 ಮಂಗಳವರ್ಷ, ಯಾವ ಶಾಸನಸಭೆಯೂ ಇಂಥ ಸಂಖ್ಯೆ ಬರೆಯುವುದಿಲ್ಲ. ಅದು 6,399 ಕೆಂದಿನಕ್ಕೆ ಹತ್ತಿರ. “6,400 ತುಂಬಿದವರಿಗೆ ಮತ” ಎಂದರೆ ಸರಳ.

ಹಂತ 6: ನಕ್ಷತ್ರಗಳ ನಡುವೆ ‘ಈಗ’ ಒಂದೇ ಅಲ್ಲ

ಕಥೆ ಸೌರಮಂಡಲ ದಾಟದಿದ್ದರೆ ಇದನ್ನು ಬಿಡಿ. ದಾಟಿದರೆ ಪಟ್ಟಿಗೆ ಇನ್ನೂ ಎರಡು ಕಾಲಮ್ಮು ಬೇಕು. ಅವಳಿ ಸೋದರಿಯರು, ಇಬ್ಬರಿಗೂ 30. ಒಬ್ಬಳು ಬೆಳಕಿನ ವೇಗದ 0.8ರಷ್ಟರಲ್ಲಿ 4.37 ಜ್ಯೋತಿರ್ವರ್ಷ ದೂರದ ಆಲ್ಫಾ ಸೆಂಟಾರಿಗೆ ಹೊರಡುತ್ತಾಳೆ. ವೇಗ ಏರಿಸುವ, ಇಳಿಸುವ ಕಾಲವನ್ನು ಸದ್ಯಕ್ಕೆ ಬಿಡೋಣ. ಭೂಮಿಯ ಲೆಕ್ಕಕ್ಕೆ ಪಯಣ 5.46 ವರ್ಷ. ಹಡಗಿನ ಗಡಿಯಾರಕ್ಕೆ ಅದರ 0.6 ಪಾಲು, 3.28 ವರ್ಷ. ತಲುಪಿದೆ ಎಂಬ ಸುದ್ದಿ ಭೂಮಿಗೆ ಬರಲು ಇನ್ನೂ 4.37 ವರ್ಷ. ಹೋದವಳು 33ರ ಹೆಂಗಸಾಗಿ ಇಳಿಯುತ್ತಾಳೆ, ಅಕ್ಕನಿಗೆ ಆಗ 35, ಸುದ್ದಿ ಮುಟ್ಟುವಾಗ ಅವಳಿಗೆ ಹತ್ತಿರಹತ್ತಿರ 40.

ಹಾಗಾಗಿ ಪ್ರತಿ ಘಟನೆಗೆ ಮೂರು ದಿನಾಂಕ: ಭೂಮಿಯ ಚೌಕಟ್ಟಿನಲ್ಲಿ ನಡೆದದ್ದು, ಹಡಗಿನವರು ದಿನಚರಿಯಲ್ಲಿ ಬರೆದದ್ದು, ಊರಿಗೆ ತಿಳಿದದ್ದು. ಕಥೆಯಲ್ಲಿ ಅಳು ಬರಿಸುವುದು ಬಹುತೇಕ ಮೂರನೆಯದು.

ಹಡಗಿನೊಳಗೆ ದಿನವೂ ಇಲ್ಲ, ಋತುವೂ ಇಲ್ಲ, ಆದ್ದರಿಂದ ಬರೀ ಸೆಕೆಂಡುಗಳನ್ನು ಎಣಿಸುವ ಪದ್ಧತಿ ಅಲ್ಲಿಗೆ ಒಪ್ಪುತ್ತದೆ. ಸಾವಿರ ಸೆಕೆಂಡು 16 ನಿಮಿಷ 40 ಸೆಕೆಂಡು, ಹತ್ತು ಲಕ್ಷ ಸೆಕೆಂಡು ಹನ್ನೊಂದೂವರೆ ದಿನ, ನೂರು ಕೋಟಿ ಸೆಕೆಂಡು 31.7 ವರ್ಷ. ಒಂದು ಗಳಿಗೆ, ಒಂದು ಪಕ್ಷ, ಒಂದು ತಲೆಮಾರು ಎಂದು ಮನಸ್ಸಿನಲ್ಲಿ ಹೊಂದಿಸಿಕೊಂಡರೆ ಬಾಯಿಗೆ ಬರುತ್ತದೆ.

ಹಂತ 7: ಪುಟದ ಮೇಲೆ ಎಷ್ಟು ಕಾಣಬೇಕು?

ಬಹಳ ಕಡಿಮೆ. ನಮ್ಮ ಹೆಣ್ಣುಮಗಳು ಇಳಿದು 20,000 ಕೆಂದಿನ ತುಂಬಿದ ದಿನವನ್ನು ನೋಡೋಣ. ಅದು ಭೂಮಿಯ 20,549.8 ದಿನ. ತಾರೀಖು 2137ರ ಏಪ್ರಿಲ್ 20, ಇಳಿದ ಮೇಲೆ ಮೂವತ್ತು ಮಂಗಳವರ್ಷ ತುಂಬಲು ಇನ್ನೂ 58 ಕೆಂದಿನ ಬಾಕಿ, ಅವಳಿಗೆ ಭೂಮಿಯ ಲೆಕ್ಕದಲ್ಲಿ 80 ದಾಟಿದೆ. ಇಷ್ಟನ್ನೂ ಒಂದು ಪ್ಯಾರಾದಲ್ಲಿ ಸುರಿದರೆ ಓದುಗರು ಪುಟ ಮಗುಚುತ್ತಾರೆ. ಅದರ ಬದಲು:

“ಅಜ್ಜಿ, ನಿಂಗೆ ಎಷ್ಟಾಯ್ತು?”

“ಯಾರ ಲೆಕ್ಕದಲ್ಲೇ?”

“ನಮ್ಮದ್ರಲ್ಲಿ.”

“ನಲವತ್ಮೂರು ತುಂಬೋಕೆ ಇನ್ನೂ ಸ್ವಲ್ಪ ಬಾಕಿ.”

“ನಿಮ್ಮದ್ರಲ್ಲಿ?”

ಅಜ್ಜಿ ಎಣ್ಣೆ ಬಟ್ಟಲನ್ನು ಕೆಳಗಿಟ್ಟಳು. “ಅಲ್ಲಿ ಎಣಿಸೋರು ಯಾರೂ ಉಳಿದಿಲ್ಲ, ಮಗ.”

ಎರಡು ಪಂಚಾಂಗ, ಅವುಗಳ ಅನುಪಾತ, ಯಾವುದು ಸಾಯುತ್ತಿದೆ ಎಂಬುದು, ಎಲ್ಲ ಅಷ್ಟರಲ್ಲೇ ಬಂತು. ಅಧ್ಯಾಯದ ತಲೆಯಲ್ಲಿ ದಿನಾಂಕ ಕೊಡುವುದಾದರೆ ಒಂದೇ ಪದ್ಧತಿಯಲ್ಲಿ ಕೊಡಿ, ಅದು ಆ ಅಧ್ಯಾಯದ ಪಾತ್ರ ಬಳಸುವ ಪದ್ಧತಿಯೇ ಆಗಿರಲಿ. ಮೊನ್ನೆ, ನಾಡಿದ್ದು, ಹೋದ ವಾರ ಎಂಬ ಮಾತುಗಳನ್ನು ಮುಟ್ಟಬೇಡಿ. ಯಾವ ಗ್ರಹದಲ್ಲಾದರೂ ಮನುಷ್ಯರು ಆಡುವುದು ಅವನ್ನೇ.

ಹಂತ 8: ಅಚ್ಚಿಗೆ ಕಳಿಸುವ ಮುನ್ನ

ಮೇಲಿನ 2137ರ ಲೆಕ್ಕದಲ್ಲಿ ಒಂದು ಗುಂಡಿಯಿತ್ತು, ಗಮನಿಸಿದಿರಾ? 2081ರಿಂದ 2137ರ ನಡುವೆ ನಾಲ್ಕಕ್ಕೊಂದರಂತೆ 14 ಅಧಿಕ ವರ್ಷ ಬರಬೇಕು, ಬರುವುದು 13. ನಾಲ್ಕುನೂರರಿಂದ ಭಾಗವಾಗದ ಶತಮಾನ ವರ್ಷವಾದ್ದರಿಂದ 2100 ಅಧಿಕ ವರ್ಷವಲ್ಲ. ನನ್ನ ಒಂದು ಹಳೆಯ ಕಥೆಯಲ್ಲಿ ಒಬ್ಬ ಹುಡುಗ 2100ರ ಫೆಬ್ರವರಿ 29ರಂದು ಹುಟ್ಟಿದ್ದ. ನಾಲ್ಕು ವರ್ಷಕ್ಕೊಮ್ಮೆ ಹುಟ್ಟುಹಬ್ಬ ಎಂಬುದು ಅವನ ಒಂಟಿತನದ ಕಥೆಯಾಗಿತ್ತು. ಆ ದಿನವೇ ಇಲ್ಲ ಎಂದು ಒಬ್ಬ ಓದುಗರು ಬರೆದಾಗ ಕಥೆ ಅಚ್ಚಾಗಿ ಎರಡು ತಿಂಗಳಾಗಿತ್ತು. ಅಂದಿನಿಂದ ಪ್ರತಿ ದಿನಾಂಕವನ್ನೂ ಜೂಲಿಯನ್ ಸಂಖ್ಯೆಗೆ ತಿರುಗಿಸಿ, ಮತ್ತೆ ತಾರೀಖಿಗೆ ತಿರುಗಿಸಿ ನೋಡುತ್ತೇನೆ. ಇಲ್ಲದ ದಿನ ಹೋದ ಹಾಗೆ ಮರಳಿ ಬರುವುದಿಲ್ಲ.

ಆಮೇಲೆ ಪ್ರತಿ ಪಾತ್ರದ ಹುಟ್ಟು, ಮೊದಲ ಮಗು, ಸಾವು ಈ ಮೂರನ್ನು ಕಾಲರೇಖೆಯ ಮೇಲೆ ಗುರುತಿಸಿ ಓದಿ. ಹನ್ನೊಂದರಲ್ಲಿ ತಾಯಿಯಾದವಳು, ಸತ್ತ ಮೇಲೆ ಭಾಷಣ ಮಾಡಿದವನು ಸಿಕ್ಕೇ ಸಿಗುತ್ತಾರೆ. ಹಳೆಯ ದಾಖಲೆಗಳಿಗೆ ಹಳೆಯ ಪಂಚಾಂಗವೇ ಇದೆಯೇ ನೋಡಿ. ರಷ್ಯದ ಅಕ್ಟೋಬರ್ ಕ್ರಾಂತಿಯ ದಿನ ಹೊಸ ಕ್ಯಾಲೆಂಡರಿನಲ್ಲಿ ನವೆಂಬರ್ 7. ಹೆಸರು ಮಾತ್ರ ಇಂದಿಗೂ ಅಕ್ಟೋಬರಿನದೇ. ಅಂಥ ಒಂದೆರಡು ಹೆಸರು ನಿಮ್ಮ ಲೋಕದಲ್ಲೂ ಉಳಿದಿರಲಿ.

ಕಡೆಯದಾಗಿ, ಕಥೆಯೊಳಗೆ ಒಂದೇ ಒಂದು ಕಡೆ, ಒಂದು ಸಮಾಧಿಯ ಕಲ್ಲಿನಲ್ಲೋ ನೆಲೆಯ ಬಾಗಿಲ ಫಲಕದಲ್ಲೋ, ಎರಡು ಎಣಿಕೆಗಳನ್ನು ಅಕ್ಕಪಕ್ಕದಲ್ಲಿ ಕೆತ್ತಿಸಿಡಿ. ನಿಮ್ಮ ಕಾಲರೇಖೆಯನ್ನು ಬಿಡಿಸಲು ಬಯಸುವ ಓದುಗರಿಗೆ ಅಷ್ಟು ಸಾಕು. ರವಿಕೀರ್ತಿ ನಮಗೆ ಬಿಟ್ಟುಹೋದದ್ದೂ ಅಷ್ಟನ್ನೇ.